ಒಂದೇ ದೂರ, ಹೋಗಲು ಎಂಟು ಗಂಟೆ, ಬರಲು ಏಳು: ಇದೆಂಥಾ ಲೆಕ್ಕ?

ಓದುಗರ ಪ್ರಶ್ನೆ: ಮಾರ್ಚ್ ಮಧ್ಯದಲ್ಲಿ ಲಂಡನ್ನಿನ ಹೀಥ್ರೋದಿಂದ ನ್ಯೂಯಾರ್ಕ್‌ನ ಜೆಎಫ್‌ಕೆಗೆ ಹೊರಡುವವರಿದ್ದೇವೆ. ಜೊತೆಗೆ 71 ವರ್ಷದ ಅಪ್ಪ ಇರುತ್ತಾರೆ, ಅವರ ನಡಿಗೆ ಸ್ವಲ್ಪ ನಿಧಾನ. ನ್ಯೂಯಾರ್ಕ್‌ನಿಂದ ಅದೇ ದಿನ ಷಿಕಾಗೋಗೆ ಇನ್ನೊಂದು ವಿಮಾನ ಹಿಡಿಯಬೇಕು. ಎರಡಕ್ಕೂ ಬೇರೆ ಬೇರೆ ಟಿಕೆಟ್ ತೆಗೆಯುವ ಯೋಚನೆ. ದೂರ ಎಷ್ಟು ಅಂತ ಹುಡುಕಿದರೆ ಒಂದು ಕಡೆ 5,541 ಕಿ.ಮೀ., ಇನ್ನೊಂದು ಕಡೆ 5,554 ಕಿ.ಮೀ., ಮತ್ತೊಂದು ಕಡೆ 3,451 ಮೈಲಿ, ಇನ್ನೂ ಒಂದು ಕಡೆ 2,999 ಮೈಲಿ. ಹಾರಾಟಕ್ಕೆ 7 ಗಂಟೆ 2 ನಿಮಿಷ ಸಾಕು ಅಂತಲೂ ಇತ್ತು. ಆದರೆ ವಿಮಾನ ಬೆಳಿಗ್ಗೆ 11:30ಕ್ಕೆ ಹೊರಟು ಅಲ್ಲಿ ಮಧ್ಯಾಹ್ನ 3:25ಕ್ಕೆ ತಲುಪುತ್ತದೆ. ಎರಡೂ ಊರಿಗೆ 5 ಗಂಟೆ ವ್ಯತ್ಯಾಸ ಅಂದರೆ 8 ಗಂಟೆ 55 ನಿಮಿಷ ಆಯಿತು. ಅದೇ ಪುಟದಲ್ಲಿ ಅವಧಿ 7 ಗಂಟೆ 55 ನಿಮಿಷ ಅಂತ ಬರೆದಿದ್ದಾರೆ! ಹತ್ತು ದಿನ ಬಿಟ್ಟು ವಾಪಸ್ ಬರುವಾಗ 6 ಗಂಟೆ 55 ನಿಮಿಷ ಮಾತ್ರ. ಭೂಮಿ ತಿರುಗುವುದರಿಂದ ಹೀಗೆ ಅಂತ ಗೆಳೆಯರೊಬ್ಬರು ಹೇಳುತ್ತಾರೆ. ಕಳೆದ ಸಲ ಹೋದಾಗ ಸೀಟಿನ ಮುಂದಿನ ಪರದೆಯಲ್ಲಿ ನೋಡಿದರೆ ವಿಮಾನ ಗ್ರೀನ್‌ಲ್ಯಾಂಡ್ ಹತ್ತಿರ ಸುತ್ತು ಹಾಕಿಕೊಂಡು ಹೋಗುತ್ತಿತ್ತು. ಇಷ್ಟೆಲ್ಲ ಸುತ್ತಿದರೆ ಇಂಧನ ಸಾಲುತ್ತಾ? ಮುಖ್ಯವಾಗಿ, ಸಂಜೆ 5:10ರ ಷಿಕಾಗೋ ವಿಮಾನ ನಮಗೆ ಸಿಗುತ್ತಾ?

ಉತ್ತರ: ಪ್ರಶ್ನೆಗಳು ಐದಾರು ಇದ್ದರೂ ನಿಮ್ಮ ಆತಂಕ ಒಂದೇ, 5:10ರ ವಿಮಾನ ಕೈತಪ್ಪಿದರೆ ಏನು ಗತಿ ಅಂತ. ಹಾಗಾಗಿ ಅದನ್ನೇ ಮೊದಲು ಹೇಳಿಬಿಡುತ್ತೇನೆ. ನಾನಾಗಿದ್ದರೆ ಆ ಟಿಕೆಟ್ ತೆಗೆಯುತ್ತಿರಲಿಲ್ಲ. ಯಾಕೆ ಅನ್ನುವುದು ಕೊನೆಯಲ್ಲಿ ಬರುತ್ತದೆ. ಆದರೆ ಅದಕ್ಕೂ ನೀವು ಹುಡುಕಿದ ಕಿಲೋಮೀಟರ್‌ಗೂ ಸಂಬಂಧ ತೀರಾ ಕಡಿಮೆ.

ನಾನು ಫ್ಲೈಟ್ ಡಿಸ್ಪ್ಯಾಚ್‌ನಲ್ಲಿ ವರ್ಷಗಟ್ಟಲೆ ಕೂತವನು. ಯಾವ ದಾರಿ, ಎಷ್ಟು ಎತ್ತರ, ಎಷ್ಟು ಇಂಧನ ಅಂತ ಲೆಕ್ಕ ಹಾಕಿ ಪೈಲಟ್ ಕೈಗೆ ಕೊಡುವ ಹಾಳೆ ತಯಾರಿಸುವುದು ನಮ್ಮ ಕೆಲಸ. ಆ ಹಾಳೆಯಲ್ಲಿ ದೂರಕ್ಕೆ ಎರಡು ಅಂಕಿ ಇರುತ್ತವೆ. ಒಂದು ನೆಲದ ದೂರ. ಇನ್ನೊಂದು ಗಾಳಿಯ ದೂರ. ನೀವು ನೋಡಿದ್ದು ಮೊದಲನೆಯದು ಮಾತ್ರ. ವಿಮಾನ ಹಾರುವುದು ಎರಡನೆಯದನ್ನು.

ಅದಕ್ಕೆ ಹೋಗುವ ಮುಂಚೆ ನಿಮ್ಮ ಕಳೆದುಹೋದ ಒಂದು ಗಂಟೆ ಹುಡುಕಿಕೊಡುತ್ತೇನೆ. ಅದು ಸುಲಭ.

ಲಂಡನ್ನಿಗೂ ನ್ಯೂಯಾರ್ಕ್‌ಗೂ 5 ಗಂಟೆ ವ್ಯತ್ಯಾಸ ಅನ್ನುವುದು ವರ್ಷದ ಹೆಚ್ಚಿನ ದಿನಗಳಿಗೆ ಸರಿ. ಆದರೆ ಅಮೆರಿಕದಲ್ಲಿ ಗಡಿಯಾರವನ್ನು ಒಂದು ಗಂಟೆ ಮುಂದೆ ತಿರುಗಿಸುವುದು ಮಾರ್ಚ್‌ನ ಎರಡನೇ ಭಾನುವಾರ. ಬ್ರಿಟನ್ನಿನಲ್ಲಿ ಮಾರ್ಚ್‌ನ ಕೊನೆಯ ಭಾನುವಾರ. ಮಧ್ಯದ ಎರಡು ಮೂರು ವಾರ ಎರಡು ಊರಿಗೂ ವ್ಯತ್ಯಾಸ 4 ಗಂಟೆ ಅಷ್ಟೇ. ನೀವು ಹೊರಟಿರುವುದು ಸರಿಯಾಗಿ ಆ ಸಂದಿಯಲ್ಲಿ. 3 ಗಂಟೆ 55 ನಿಮಿಷಕ್ಕೆ 4 ಸೇರಿಸಿ, 7 ಗಂಟೆ 55 ನಿಮಿಷ ಬಂತು ಅಲ್ವಾ? ಇದೇ ತರಹ ಶರತ್ಕಾಲದಲ್ಲೂ ಒಂದು ವಾರ ಆಗುತ್ತದೆ. ಬ್ರಿಟನ್ ಅಕ್ಟೋಬರ್‌ನ ಕೊನೆಯ ಭಾನುವಾರ ಗಡಿಯಾರ ಹಿಂದಕ್ಕೆ ತಿರುಗಿಸುತ್ತದೆ, ಅಮೆರಿಕ ನವೆಂಬರ್‌ನ ಮೊದಲ ಭಾನುವಾರ. ಟಿಕೆಟ್‌ನಲ್ಲಿ ಹೊರಡುವ ಸಮಯ ಹೊರಡುವ ಊರಿನದ್ದು, ತಲುಪುವ ಸಮಯ ತಲುಪುವ ಊರಿನದ್ದು. ನೀವೇ ಕಳೆದು ಕೂಡಲು ಹೋಗಬೇಡಿ, ಅವಧಿ ಅಂತ ಪ್ರತ್ಯೇಕ ಬರೆದಿರುವುದನ್ನೇ ನಂಬಿ.

ಈಗ ಆ ನಾಲ್ಕು ಅಂಕಿಗಳು. ಅಚ್ಚರಿ ಏನೆಂದರೆ ನಾಲ್ಕೂ ಸರಿ. 3,451 ಎನ್ನುವುದು ರಸ್ತೆಯ ಮೈಲಿ, ಒಂದಕ್ಕೆ 1.609 ಕಿ.ಮೀ. 2,999 ಎನ್ನುವುದು ನಾಟಿಕಲ್ ಮೈಲಿ, ಒಂದಕ್ಕೆ 1.852 ಕಿ.ಮೀ. ಹಡಗು ಮತ್ತು ವಿಮಾನದವರು ಬಳಸುವುದು ಇದನ್ನೇ. ಎರಡನ್ನೂ ಗುಣಿಸಿ ನೋಡಿ, 5,554 ಕಿ.ಮೀ. ಆಸುಪಾಸಿಗೇ ಬಂದು ನಿಲ್ಲುತ್ತವೆ. ಇನ್ನು 5,541? ಅದು ಭೂಮಿಯನ್ನು ಚೆಂಡಿನ ಹಾಗೆ ಪೂರ್ತಿ ದುಂಡು ಅಂತ ಇಟ್ಟುಕೊಂಡು ಮಾಡಿದ ಲೆಕ್ಕ. ನಿಜವಾದ ಭೂಮಿ ನಡುವಿನಲ್ಲಿ ಸ್ವಲ್ಪ ಉಬ್ಬಿದೆ. ಸಮಭಾಜಕದ ಬಳಿ ತ್ರಿಜ್ಯ 6,378 ಕಿ.ಮೀ., ಧ್ರುವದ ಬಳಿ 6,357. ಆ ಉಬ್ಬನ್ನು ಹಿಡಿದು ಲೆಕ್ಕ ಹಾಕಿದರೆ 5,554. ಹದಿಮೂರು ಕಿಲೋಮೀಟರ್ ಅಂದರೆ ವಿಮಾನಕ್ಕೆ ಒಂದು ನಿಮಿಷವೂ ಅಲ್ಲ. ತಲೆ ಕೆಡಿಸಿಕೊಳ್ಳಬೇಡಿ.

ಒಂದು ಚಿಕ್ಕ ವಿಷಯ ಮಾತ್ರ ನೆನಪಿರಲಿ. ಈ ದೂರ ಅಳೆಯುವುದು ವಿಮಾನ ನಿಲ್ದಾಣಕ್ಕೆ ಅಂತ ಗುರುತು ಮಾಡಿದ ಒಂದು ಚುಕ್ಕಿಯಿಂದ ಇನ್ನೊಂದು ಚುಕ್ಕಿಗೆ. ನಿಮ್ಮ ಗೇಟಿನಿಂದ ಅಲ್ಲ, ರನ್‌ವೇ ತುದಿಯಿಂದಲೂ ಅಲ್ಲ. ಆಮ್‌ಸ್ಟರ್‌ಡ್ಯಾಮ್‌ನಲ್ಲಿ 2003ರಲ್ಲಿ ಶುರುವಾದ ಪೋಲ್ಡರ್‌ಬಾನ್ ಅನ್ನುವ ರನ್‌ವೇ ಇದೆ. ಅಲ್ಲಿ ಇಳಿದ ಮೇಲೆ ಟರ್ಮಿನಲ್ ಸೇರಲು ಕಾಲು ಗಂಟೆ ಬೇಕಾಗುತ್ತದೆ. ವಿಮಾನ ರಸ್ತೆಯ ಮೇಲೆ ಸೇತುವೆ ದಾಟಿಕೊಂಡು, ಬಸ್ಸಿನ ಹಾಗೆ ಸಾಗುತ್ತಲೇ ಇರುತ್ತದೆ. ಈ ನಿಮಿಷಗಳು ಯಾವ ದೂರದ ಲೆಕ್ಕದಲ್ಲೂ ಬರುವುದಿಲ್ಲ.

ಇನ್ನು ಗ್ರೀನ್‌ಲ್ಯಾಂಡ್ ಸುತ್ತು. ಇಲ್ಲಿ ಎರಡು ಬೇರೆ ಬೇರೆ ಬಾಗು ಸೇರಿಕೊಂಡಿವೆ. ಒಂದು ಬರೀ ಕಣ್ಣಿನ ಭ್ರಮೆ, ಇನ್ನೊಂದು ನಿಜವಾಗಿಯೂ ಸುತ್ತು.

ಮೊದಲನೆಯದು ನಕ್ಷೆಯ ತಪ್ಪು. ಮನೆಯಲ್ಲಿ ಗ್ಲೋಬ್ ಇದ್ದರೆ ಒಂದು ದಾರ ತಗೊಂಡು ಲಂಡನ್ ಮೇಲೆ ಒಂದು ಬೆರಳು, ನ್ಯೂಯಾರ್ಕ್ ಮೇಲೆ ಇನ್ನೊಂದು ಬೆರಳಿಟ್ಟು ಬಿಗಿಯಾಗಿ ಎಳೆಯಿರಿ. ದಾರ ಐರ್ಲೆಂಡ್ ದಾಟಿ, ಕೆನಡಾದ ನ್ಯೂಫೌಂಡ್‌ಲ್ಯಾಂಡ್, ನೋವಾ ಸ್ಕೋಷಿಯಾ ಮೇಲೆ ಹಾಯ್ದು ಕೆಳಗಿಳಿಯುತ್ತದೆ. ನ್ಯೂಯಾರ್ಕ್ ಲಂಡನ್ನಿಗಿಂತ ದಕ್ಷಿಣಕ್ಕಿದೆ. ಆದರೂ ದಾರ ಮೊದಲು ಲಂಡನ್ನಿಗಿಂತ ಉತ್ತರಕ್ಕೆ, ಸುಮಾರು 53 ಡಿಗ್ರಿ ಅಕ್ಷಾಂಶದ ಆಚೆಗೆ ಹೋಗಿಯೇ ಬಾಗುವುದು. ಬಿಗಿದ ದಾರಕ್ಕಿಂತ ಹತ್ತಿರದ ದಾರಿ ಇಲ್ಲವಲ್ಲ? ಇದನ್ನೇ ಗ್ರೇಟ್ ಸರ್ಕಲ್ ದಾರಿ ಅನ್ನುವುದು. ಚಪ್ಪಟೆ ನಕ್ಷೆಯಲ್ಲಿ ಇದೇ ದಾರಿ ಬಿಲ್ಲಿನ ಹಾಗೆ ಕಾಣುತ್ತದೆ. ನಕ್ಷೆಯಲ್ಲಿ ಸ್ಕೇಲ್ ಇಟ್ಟು ಗೆರೆ ಎಳೆದು ಅದರ ಮೇಲೇ ಹಾರಿದರೆ ಸುಮಾರು 5,765 ಕಿ.ಮೀ. ಆಗುತ್ತದೆ. ನೇರ ಕಾಣುವ ಗೆರೆಯೇ ಇನ್ನೂರು ಕಿಲೋಮೀಟರ್ ಜಾಸ್ತಿ!

ಆದರೆ ಬಿಗಿದ ದಾರ ಗ್ರೀನ್‌ಲ್ಯಾಂಡ್ ಹತ್ತಿರಕ್ಕೆ ಹೋಗುವುದಿಲ್ಲ. ಅದರ ದಕ್ಷಿಣ ತುದಿ ಇರುವುದು 60 ಡಿಗ್ರಿಯ ಬಳಿ. ಹಾಗಾದರೆ ನಿಮ್ಮ ವಿಮಾನ ಅಲ್ಲಿಗೆ ಯಾಕೆ ಹೋಯಿತು? ಗಾಳಿ ತಪ್ಪಿಸಲು. ಇದು ಎರಡನೇ ಬಾಗು, ನಿಜವಾದ ಸುತ್ತು. ಬೇಕೆಂದೇ ಹಾಕಿದ್ದು.

ನಿಮ್ಮ ಗೆಳೆಯರ ಮಾತನ್ನು ಇಲ್ಲೇ ನೋಡಿಬಿಡೋಣ. ಭೂಮಿ ಪಶ್ಚಿಮದಿಂದ ಪೂರ್ವಕ್ಕೆ ತಿರುಗುತ್ತದೆ, ಸಮಭಾಜಕದ ಬಳಿ ಗಂಟೆಗೆ ಸುಮಾರು 1,670 ಕಿ.ಮೀ. ವೇಗದಲ್ಲಿ. ವಿಮಾನ ಮೇಲೆ ಹೋದ ಮೇಲೆ ಕೆಳಗಿನ ಭೂಮಿ ಜರುಗುವುದಾದರೆ ನ್ಯೂಯಾರ್ಕ್ ತಾನಾಗಿ ಲಂಡನ್ನಿನ ಕಡೆ ಓಡಿ ಬರಬೇಕಿತ್ತು. ಅಂದರೆ ಪಶ್ಚಿಮಕ್ಕೆ ಹೋಗುವಾಗ ಸಮಯ ಕಡಿಮೆ ಆಗಬೇಕಿತ್ತು. ಆಗುತ್ತಿರುವುದು ಉಲ್ಟಾ! ಭೂಮಿಯ ಜೊತೆ ಗಾಳಿಯೂ ತಿರುಗುತ್ತದೆ, ರನ್‌ವೇ ಮೇಲೆ ನಿಂತ ವಿಮಾನವೂ ತಿರುಗುತ್ತಿರುತ್ತದೆ. ಓಡುವ ರೈಲಿನೊಳಗೆ ಹಾರುವ ನೊಣ ಹಿಂದಿನ ಗೋಡೆಗೆ ಹೋಗಿ ಬಡಿಯುವುದಿಲ್ಲ, ಹಾಗೇ ಇದು. ಆದರೂ ಗೆಳೆಯರು ಪೂರ್ತಿ ತಪ್ಪಲ್ಲ. ಸಮಭಾಜಕದಿಂದ ಧ್ರುವದ ಕಡೆ ಹೊರಟ ಬಿಸಿ ಗಾಳಿಯನ್ನು ಪೂರ್ವಕ್ಕೆ ತಿರುಗಿಸುವುದು ಭೂಮಿಯ ತಿರುಗಾಟವೇ. ಅದರಿಂದ 9ರಿಂದ 12 ಕಿ.ಮೀ. ಎತ್ತರದಲ್ಲಿ ಪಶ್ಚಿಮದಿಂದ ಪೂರ್ವಕ್ಕೆ ಗಾಳಿಯ ಹೊಳೆಯೊಂದು ಹರಿಯುತ್ತದೆ. ಅದೇ ಜೆಟ್ ಸ್ಟ್ರೀಮ್. ಚಳಿಗಾಲದಲ್ಲಿ ಅದರ ನಡುಭಾಗ ಗಂಟೆಗೆ 200 ಕಿ.ಮೀ. ದಾಟುವುದು ಸಾಮಾನ್ಯ. ದುರದೃಷ್ಟಕ್ಕೋ ಅದೃಷ್ಟಕ್ಕೋ, ದೊಡ್ಡ ವಿಮಾನಗಳು ಹಾರುವ ಎತ್ತರವೂ ಅದೇ.

ಈಗ ಗಾಳಿಯ ದೂರ ಏನೆಂದು ನೋಡೋಣ. ವಿಮಾನ ನಿಲ್ದಾಣದಲ್ಲಿ ತಾನಾಗಿ ಓಡುವ ಪಟ್ಟಿ ಇರುತ್ತದಲ್ಲ, ಅದರ ಮೇಲೆ ನಡೆದು ನೋಡಿ. ಪಟ್ಟಿ ಓಡುವ ಕಡೆಗೇ ನಡೆದರೆ ಅರವತ್ತು ಹೆಜ್ಜೆಗೆ ಆ ತುದಿ ಮುಟ್ಟುತ್ತೀರಿ. ಉಲ್ಟಾ ನಡೆದರೆ ನೂರು ಹೆಜ್ಜೆ ಹಾಕಿದರೂ ಮುಗಿಯುವುದಿಲ್ಲ, ಜನ ಬೇರೆ ನೋಡುತ್ತಾರೆ. ಪಟ್ಟಿಯ ಉದ್ದ ಬದಲಾಗಿಲ್ಲ, ನಿಮ್ಮ ಹೆಜ್ಜೆಯ ಲೆಕ್ಕ ಬದಲಾಗಿದೆ. ವಿಮಾನದ ಹೆಜ್ಜೆ ಬೀಳುವುದು ಗಾಳಿಯ ಮೇಲೆ.

ಬೋಯಿಂಗ್ 787, ಏರ್‌ಬಸ್ ಎ350 ತರಹದ ವಿಮಾನಗಳು ಶಬ್ದದ ವೇಗದ ಶೇ. 85ರಷ್ಟು ವೇಗದಲ್ಲಿ ಸಾಗುತ್ತವೆ. ಆ ಎತ್ತರದ ಚಳಿಯಲ್ಲಿ ಅದು ಗಂಟೆಗೆ ಸುಮಾರು 900 ಕಿ.ಮೀ. ಸರಾಸರಿ 80 ಕಿ.ಮೀ. ಗಾಳಿ ಪಶ್ಚಿಮದಿಂದ ಬೀಸುತ್ತಿದೆ ಅಂತ ಇಟ್ಟುಕೊಳ್ಳಿ. ನ್ಯೂಯಾರ್ಕ್‌ನಿಂದ ಲಂಡನ್ನಿಗೆ ಬರುವಾಗ ನೆಲದ ಮೇಲಿನ ವೇಗ 980, ಸಮಯ 5 ಗಂಟೆ 40 ನಿಮಿಷ. ಹೋಗುವಾಗ 820, ಸಮಯ 6 ಗಂಟೆ 46 ನಿಮಿಷ. ಒಂದು ಗಂಟೆ ಆರು ನಿಮಿಷ ವ್ಯತ್ಯಾಸ. ಗಾಳಿಯ ದೂರದ ಲೆಕ್ಕದಲ್ಲಿ ಹೇಳುವುದಾದರೆ ಬರುವಾಗ ವಿಮಾನ ಹಾರುವುದು 5,100 ಕಿ.ಮೀ., ಹೋಗುವಾಗ 6,100 ಕಿ.ಮೀ. ನೆಲದ ಮೇಲೆ ಎರಡೂ 5,554. ನಿಮ್ಮ ಟಿಕೆಟ್‌ನ 7:55 ಮತ್ತು 6:55ರ ನಡುವಿನ ಒಂದು ಗಂಟೆ ಎಲ್ಲಿಂದ ಬಂತು ಅಂತ ಈಗ ಗೊತ್ತಾಯಿತಲ್ಲ.

ಹೋಗುವಾಗ ಕಳೆದುಕೊಂಡಿದ್ದು ಬರುವಾಗ ಸಿಗುತ್ತದೆ, ಲೆಕ್ಕ ಸಮ ಅಂತ ಕೆಲವರು ಹೇಳುತ್ತಾರೆ. ಸಮ ಆಗುವುದಿಲ್ಲ. ಗಾಳಿಯೇ ಇಲ್ಲದಿದ್ದರೆ ಹೋಗಿ ಬರಲು 12 ಗಂಟೆ 21 ನಿಮಿಷ. 80 ಕಿ.ಮೀ. ಗಾಳಿ ಇದ್ದರೆ 12 ಗಂಟೆ 26 ನಿಮಿಷ. 150 ಕಿ.ಮೀ. ಇದ್ದರೆ 12 ಗಂಟೆ 42 ನಿಮಿಷ. ಎದುರು ಗಾಳಿಯಲ್ಲಿ ಹೆಚ್ಚು ಹೊತ್ತು ಇರುತ್ತೇವೆ, ಬೆನ್ನ ಗಾಳಿಯಲ್ಲಿ ಕಡಿಮೆ ಹೊತ್ತು. ಅದಕ್ಕೇ ನಷ್ಟ ಯಾವಾಗಲೂ ಸ್ವಲ್ಪ ಮುಂದಿರುತ್ತದೆ.

ಬೆನ್ನ ಗಾಳಿ ಒಲಿದರೆ ಏನಾಗುತ್ತದೆ ಅನ್ನುವುದಕ್ಕೆ 2020ರ ಫೆಬ್ರವರಿಯ ಒಂದು ರಾತ್ರಿ ಸಾಕ್ಷಿ. ಯುರೋಪಿನ ಕಡೆ ಕಿಯಾರಾ ಚಂಡಮಾರುತ ಬೀಸುತ್ತಿತ್ತು. ಬ್ರಿಟಿಷ್ ಏರ್‌ವೇಸ್‌ನ ಬೋಯಿಂಗ್ 747 ಒಂದು ಜೆಎಫ್‌ಕೆಯಿಂದ ಹೀಥ್ರೋಗೆ 4 ಗಂಟೆ 56 ನಿಮಿಷದಲ್ಲಿ ಬಂದಿಳಿಯಿತು. ನೆಲದ ಮೇಲಿನ ವೇಗ ಗಂಟೆಗೆ 1,300 ಕಿ.ಮೀ. ದಾಟಿತ್ತು. ಶಬ್ದದ ವೇಗ ಆ ಎತ್ತರದಲ್ಲಿ 1,060 ಕಿ.ಮೀ. ಸುತ್ತಮುತ್ತ. ಹಾಗಂತ ವಿಮಾನ ಶಬ್ದದ ಗೋಡೆ ಒಡೆಯಲಿಲ್ಲ, ಸುತ್ತಲಿನ ಗಾಳಿಯಲ್ಲಿ ಅದು ಎಂದಿನ ವೇಗದಲ್ಲೇ ಇತ್ತು. ಗಾಳಿಯೇ ಹೊತ್ತುಕೊಂಡು ಬಂತು ಅಷ್ಟೇ. ಅದೇ ರಾತ್ರಿ ಪಶ್ಚಿಮಕ್ಕೆ ಹಾರಿದವರ ಪಾಡು ಯಾರೂ ಬರೆಯಲಿಲ್ಲ!

ಎರಡೂ ಊರಿನ ನಡುವಿನ ಅಟ್ಲಾಂಟಿಕ್ ಸಮುದ್ರದ ಮೇಲೆ ದಾರಿಗಳು ದಿನಾ ಬದಲಾಗುತ್ತವೆ. ಐರ್ಲೆಂಡ್, ಸ್ಕಾಟ್ಲೆಂಡ್ ಕಡೆಯ ಶಾನ್‌ವಿಕ್ ಮತ್ತು ಕೆನಡಾ ಕಡೆಯ ಗ್ಯಾಂಡರ್ ನಿಯಂತ್ರಣ ಕೇಂದ್ರಗಳು ಗಾಳಿಯ ಮುನ್ಸೂಚನೆ ನೋಡಿ ಟ್ರ್ಯಾಕ್‌ಗಳನ್ನು ಹಾಕುತ್ತವೆ. ಹಗಲು ಪಶ್ಚಿಮಕ್ಕೆ ಒಂದು ಗುಂಪು, ರಾತ್ರಿ ಪೂರ್ವಕ್ಕೆ ಒಂದು ಗುಂಪು. ಡಿಸ್ಪ್ಯಾಚ್ ಕೋಣೆಯಲ್ಲಿ ಆ ಸಂದೇಶ ಬಂದ ಮೇಲೇ ನಮ್ಮ ನಿಜವಾದ ಕೆಲಸ ಶುರು. ಒಂದು ಪರದೆಯಲ್ಲಿ ಗಾಳಿಯ ನಕ್ಷೆ, ಚಿಕ್ಕ ಚಿಕ್ಕ ಬಾಣಗಳು. ಬಾಣದ ಬಾಲದಲ್ಲಿರುವ ತ್ರಿಕೋನ ಒಂದಕ್ಕೆ 50 ನಾಟ್ (ಅಂದರೆ ಗಂಟೆಗೆ 50 ನಾಟಿಕಲ್ ಮೈಲಿ), ಉದ್ದ ಗೀಟು ಒಂದಕ್ಕೆ 10. ತ್ರಿಕೋನಗಳು ಒತ್ತೊತ್ತಾಗಿ ಕೂತಿರುವ ಜಾಗವೇ ಹೊಳೆಯ ನಡು. ಪೂರ್ವಕ್ಕೆ ಹೋಗುವ ವಿಮಾನವನ್ನು ಅದರೊಳಗೆ ತೂರಿಸಬೇಕು, ಪಶ್ಚಿಮಕ್ಕೆ ಹೋಗುವುದನ್ನು ಅದರಿಂದ ದೂರ ಇಡಬೇಕು. ಉದಾಹರಣೆಗೆ ನೇರ ದಾರಿ 5,600 ಕಿ.ಮೀ., ಎದುರು ಗಾಳಿ 110 ಕಿ.ಮೀ. ಅಂದರೆ 7 ಗಂಟೆ 5 ನಿಮಿಷ. ಉತ್ತರದಿಂದ ಸುತ್ತಿದರೆ 5,800 ಕಿ.ಮೀ., ಅಲ್ಲಿ ಎದುರು ಗಾಳಿ ಬರೀ 50 ಕಿ.ಮೀ. ಅಂದರೆ 6 ಗಂಟೆ 49 ನಿಮಿಷ. ಇನ್ನೂರು ಕಿಲೋಮೀಟರ್ ಸುತ್ತಿ ಕಾಲು ಗಂಟೆ ಮುಂಚೆ ಇಳಿದ ಹಾಗಾಯಿತು. ಕಳೆದ ಸಲ ನಿಮಗೆ ಗ್ರೀನ್‌ಲ್ಯಾಂಡ್ ತೋರಿಸಿದ್ದು ಇಂಥದೇ ಲೆಕ್ಕ ಇರಬೇಕು.

ಸಿಂಗಪುರ ಮತ್ತು ನ್ಯೂಯಾರ್ಕ್ ನಡುವೆ ಇದು ಇನ್ನೂ ಮಜವಾಗಿದೆ. ದೂರ ಸುಮಾರು 15,350 ಕಿ.ಮೀ. ಬಿಗಿದ ದಾರ ಉತ್ತರ ಧ್ರುವದ ಹತ್ತಿರ ಹಾಯುತ್ತದೆ. ಆದರೆ ಸಿಂಗಪುರದಿಂದ ಹೊರಟ ವಿಮಾನ ಎಷ್ಟೋ ದಿನ ಆ ಕಡೆ ತಲೆಯನ್ನೇ ಹಾಕುವುದಿಲ್ಲ. ಪೆಸಿಫಿಕ್ ಮೇಲಿನ ಬೆನ್ನ ಗಾಳಿ ಹಿಡಿದು ಪೂರ್ವಕ್ಕೆ ಸಾಗುತ್ತದೆ.

ಗಾಳಿಯೊಂದೇ ಅಲ್ಲ, ರಾಜಕೀಯವೂ ದಾರಿ ಉದ್ದ ಮಾಡುತ್ತದೆ. 2022ರಲ್ಲಿ ರಷ್ಯಾದ ಆಕಾಶ ಮುಚ್ಚಿದ ಮೇಲೆ ಫಿನ್‌ಲ್ಯಾಂಡಿನ ಹೆಲ್ಸಿಂಕಿಯಿಂದ ಟೋಕಿಯೋಗೆ ಒಂಬತ್ತೂವರೆ ಗಂಟೆಯ ಪ್ರಯಾಣ ಸುಮಾರು 13 ಗಂಟೆ ಆಯಿತು. ದೂರ ತೋರಿಸುವ ಪುಟದಲ್ಲಿ ಇವತ್ತಿಗೂ ಹಳೇ ಅಂಕಿಯೇ ಇರುತ್ತದೆ. ಆ ಎರಡು ಚುಕ್ಕಿಗಳು ಜಾಗ ಬಿಟ್ಟು ಕದಲಿಲ್ಲವಲ್ಲ!

ಇಂಧನದ ಬಗ್ಗೆ ಕೇಳಿದ್ದೀರಿ. ಅದರ ಚಿಂತೆ ಬಿಟ್ಟುಬಿಡಿ. ಇಂಧನ ತುಂಬಿಸುವುದು ಗಾಳಿಯ ದೂರಕ್ಕೆ, ಆ ದಿನ ಆರಿಸಿದ ದಾರಿಗೆ. ಅದರ ಮೇಲೆ ಅನಿರೀಕ್ಷಿತಕ್ಕೆ ಒಂದಿಷ್ಟು, ಇಳಿಯಲಾಗದಿದ್ದರೆ ಇನ್ನೊಂದು ನಿಲ್ದಾಣಕ್ಕೆ ಹೋಗಲು ಬೇಕಾದಷ್ಟು. ಇದೆಲ್ಲ ಮುಗಿದ ಮೇಲೂ ಜೆಟ್ ವಿಮಾನದಲ್ಲಿ 30 ನಿಮಿಷ ಹಾರುವಷ್ಟು ಇಂಧನ ಉಳಿದಿರಲೇಬೇಕು. ಇದು ನಿಯಮ, ಯಾರ ದಾಕ್ಷಿಣ್ಯವೂ ಅಲ್ಲ.

ಈಗ ಆ 7 ಗಂಟೆ 2 ನಿಮಿಷ. ಅದು ಎಲ್ಲಿಂದ ಬಂತು ಅಂತ ನಾನು ಹೇಳಬಲ್ಲೆ. 5,554ನ್ನು 850ರಿಂದ ಭಾಗಿಸಿ, ಏರಲು ಇಳಿಯಲು ಅಂತ ಅರ್ಧ ಗಂಟೆ ಸೇರಿಸಿ ನೋಡಿ. ಬಂತಲ್ಲ? ಅದರಲ್ಲಿ ಗಾಳಿ ಇಲ್ಲ, ದಿಕ್ಕಿಲ್ಲ, ಸಾಲಿನಲ್ಲಿ ಕಾಯುವುದಿಲ್ಲ. ಹೋಗಲೂ ಅಷ್ಟೇ, ಬರಲೂ ಅಷ್ಟೇ. ಸುಮ್ನೆ ಒಂದು ಅಂದಾಜಿಗೆ ಪರವಾಗಿಲ್ಲ. ಅದನ್ನು ನಂಬಿ ಮುಂದಿನ ವಿಮಾನ ಬುಕ್ ಮಾಡಿದರೆ ಪೇಚಿಗೆ ಸಿಕ್ಕಿಕೊಳ್ಳುತ್ತೀರಿ.

ಟಿಕೆಟ್‌ನ ಅವಧಿ ಬೇರೆಯದೇ ಜಾತಿಯದು. ಇದನ್ನು ಬ್ಲಾಕ್ ಟೈಮ್ ಅನ್ನುತ್ತೇವೆ. ವಿಮಾನ ಗೇಟ್ ಬಿಟ್ಟು ಕದಲಿದ ಕ್ಷಣದಿಂದ ಇನ್ನೊಂದು ಊರಿನ ಗೇಟಿಗೆ ಬಂದು ನಿಲ್ಲುವ ತನಕ. ನಮ್ಮ ದಾಖಲೆಯಲ್ಲಿ ನಾಲ್ಕು ಸಮಯ ಬರೆಯುತ್ತೇವೆ: ಔಟ್, ಆಫ್, ಆನ್, ಇನ್. ಗೇಟ್ ಬಿಟ್ಟಿದ್ದು, ನೆಲ ಬಿಟ್ಟಿದ್ದು, ನೆಲ ಮುಟ್ಟಿದ್ದು, ಗೇಟ್ ಸೇರಿದ್ದು. ಜೆಎಫ್‌ಕೆಯಲ್ಲಿ ಸಂಜೆ ಯುರೋಪಿನ ಕಡೆ ಹೊರಡುವ ವಿಮಾನಗಳ ಸಾಲು ಇರುವಾಗ ಔಟ್‌ಗೂ ಆಫ್‌ಗೂ ನಡುವೆ ಅರ್ಧ ಗಂಟೆ ಕಳೆದುಹೋಗುವುದು ವಿಶೇಷವೇನಲ್ಲ. ಬರುವಾಗ ಲಂಡನ್ ಮೇಲೆ ಬೋವಿಂಗ್ಡನ್, ಲ್ಯಾಂಬೋರ್ನ್, ಬಿಗಿನ್, ಆಖಮ್ ಅನ್ನುವ ನಾಲ್ಕು ಜಾಗಗಳಲ್ಲಿ ವಿಮಾನಗಳು ಒಂದರ ಮೇಲೊಂದು ಸುತ್ತುತ್ತಾ ತಮ್ಮ ಸರದಿ ಕಾಯುತ್ತವೆ. ಕೆಳಗಿಳಿದ ಮೇಲೂ ಗೇಟ್ ಖಾಲಿ ಇಲ್ಲದಿದ್ದರೆ ಕಾಯಬೇಕು. ಇದೆಲ್ಲಕ್ಕೂ ಸೇರಿಸಿ, ಹಿಂದಿನ ವರ್ಷಗಳ ದಾಖಲೆ ನೋಡಿ, ವಿಮಾನ ಸಂಸ್ಥೆ ಒಂದು ಅವಧಿ ಬರೆಯುತ್ತದೆ. ಸ್ವಲ್ಪ ಧಾರಾಳವಾಗಿಯೇ ಬರೆಯುತ್ತದೆ. ಅಮೆರಿಕದ ಸಾರಿಗೆ ಇಲಾಖೆಯ ಲೆಕ್ಕದಲ್ಲಿ 15 ನಿಮಿಷದೊಳಗಿನ ತಡ ತಡವೇ ಅಲ್ಲ. ಜೊತೆಗೆ ಈ ಧಾರಾಳ. ಅದಕ್ಕೇ ಅರ್ಧ ಗಂಟೆ ತಡವಾಗಿ ಹೊರಟ ವಿಮಾನವೂ ಒಮ್ಮೊಮ್ಮೆ ‘ಸಮಯಕ್ಕೆ ಸರಿಯಾಗಿ’ ಬಂದಿಳಿಯುವುದು.

ಹಾಗಾಗಿ 3:25 ಅನ್ನುವುದು ನಂಬಬಹುದಾದ ಅಂಕಿಯೇ. ತೊಂದರೆ ಇರುವುದು ಆಮೇಲೆ.

3:25ಕ್ಕೆ ವಿಮಾನ ಗೇಟಿಗೆ ಬಂತು ಅಂತಲೇ ಇಟ್ಟುಕೊಳ್ಳೋಣ. 5:10ಕ್ಕೆ ಇನ್ನೂ 105 ನಿಮಿಷ ಇದೆ. ಆದರೆ ಬೇರೆ ಟಿಕೆಟ್ ಆದ್ದರಿಂದ ನಿಮ್ಮ ಸೂಟ್‌ಕೇಸ್ ತಾನಾಗಿ ಷಿಕಾಗೋ ವಿಮಾನ ಹತ್ತುವುದಿಲ್ಲ. ನೀವೇ ತೆಗೆದುಕೊಂಡು ಹೋಗಿ ಮತ್ತೆ ಕೊಡಬೇಕು. ಕೊಡುವ ಕೌಂಟರ್ ಹೊರಡುವ 45 ನಿಮಿಷದಿಂದ ಒಂದು ಗಂಟೆ ಮುಂಚೆ ಮುಚ್ಚುತ್ತದೆ. ಉಳಿದಿದ್ದು 60 ನಿಮಿಷ, ಇಲ್ಲವೇ 45. ಅಷ್ಟರಲ್ಲಿ ಮುನ್ನೂರು ಜನರ ಜೊತೆ ವಿಮಾನದಿಂದ ಇಳಿಯಬೇಕು, ಇಮಿಗ್ರೇಷನ್ ಸಾಲು ಮುಗಿಸಬೇಕು, ಬ್ಯಾಗ್ ಬರುವ ತನಕ ಕಾಯಬೇಕು, ಕಸ್ಟಮ್ಸ್ ದಾಟಬೇಕು. ಟರ್ಮಿನಲ್ ಬೇರೆಯಾದರೆ ನಿಲ್ದಾಣದೊಳಗಿನ ರೈಲು, ಏರ್‌ಟ್ರೇನ್ ಹತ್ತಬೇಕು. ಇಮಿಗ್ರೇಷನ್ ಸಾಲೊಂದೇ ಮುಕ್ಕಾಲು ಗಂಟೆ ತಿಂದರೆ? ವಿಮಾನ ಒಂದು ನಿಮಿಷವೂ ತಡವಾಗದೆ ಬಂದರೂ ನೀವು 5:10ರ ವಿಮಾನ ತಪ್ಪಿಸಿಕೊಳ್ಳಬಹುದು. ಆಗ ಷಿಕಾಗೋ ವಿಮಾನದವರಿಗೆ ನೀವು ಬರೀ ಸಮಯಕ್ಕೆ ಬಾರದ ಪ್ರಯಾಣಿಕರು. ಅವರು ಇನ್ನೊಂದು ಸೀಟು ಕೊಡಬೇಕಾಗಿಲ್ಲ.

ನಿಮ್ಮ ಮುಂದೆ ಇರುವ ದಾರಿಗಳನ್ನು ನನಗೆ ಹಿಡಿಸಿದ ಕ್ರಮದಲ್ಲೇ ಹೇಳುತ್ತೇನೆ.

ಲಂಡನ್ನಿನಿಂದ ಷಿಕಾಗೋಗೆ ನೇರ ವಿಮಾನಗಳಿವೆ. ದೂರ 6,300 ಕಿ.ಮೀ. ಮೀರುತ್ತದೆ, ಒಂಬತ್ತು ಗಂಟೆ ಆಸುಪಾಸಿನ ಪ್ರಯಾಣ. ಒಂದೇ ಸಲ ಕೂರುವುದು ಅಪ್ಪನಿಗೆ ಬೇಸರ ಅನ್ನಿಸಬಹುದು, ಟಿಕೆಟ್ ದುಬಾರಿಯೂ ಆಗಬಹುದು. ಆದರೆ ಎದುರು ಗಾಳಿಯಲ್ಲಿ ಒಂದು ಗಂಟೆ ತಡವಾದರೂ ಕೈತಪ್ಪಲು ಇನ್ನೊಂದು ವಿಮಾನವೇ ಇಲ್ಲ. ನಿಧಾನ ನಡೆಯುವವರು ಜೊತೆಗಿದ್ದರೆ ನನ್ನ ಮತ ಇದಕ್ಕೇ.

ನ್ಯೂಯಾರ್ಕ್ ಮೂಲಕವೇ ಹೋಗಬೇಕು ಅಂದರೆ ಷಿಕಾಗೋ ತನಕ ಒಂದೇ ಟಿಕೆಟ್ ತೆಗೆಯಿರಿ. ಅಮೆರಿಕದಲ್ಲಿ ಮೊದಲು ಇಳಿದ ಊರಿನಲ್ಲೇ ಸಾಮಾನ್ಯವಾಗಿ ಇಮಿಗ್ರೇಷನ್ ಮುಗಿಸಿ ಬ್ಯಾಗ್ ತೆಗೆದುಕೊಳ್ಳಬೇಕು, ಅದು ತಪ್ಪುವುದಿಲ್ಲ. ಆದರೆ ಬ್ಯಾಗಿಗೆ ಷಿಕಾಗೋ ತನಕ ಚೀಟಿ ಅಂಟಿಸಿರುತ್ತಾರೆ, ಕಸ್ಟಮ್ಸ್ ದಾಟಿದ ತಕ್ಷಣ ಮತ್ತೆ ಕೊಟ್ಟರೆ ಆಯಿತು. ಮೊದಲ ವಿಮಾನ ತಡವಾಗಿ ಎರಡನೆಯದು ತಪ್ಪಿದರೆ ಮುಂದಿನದಕ್ಕೆ ಹತ್ತಿಸುವುದು ಅವರ ಜವಾಬ್ದಾರಿ. ಬುಕ್ ಮಾಡುವಾಗ ಕಂಪ್ಯೂಟರ್ ತೋರಿಸುವ ಅತಿ ಕಡಿಮೆ ಅಂತರದ ಜೋಡಿಗೆ ಆಸೆ ಪಡಬೇಡಿ. ಅದು ಓಡಬಲ್ಲವರ ಲೆಕ್ಕ. ಮೂರು ಗಂಟೆ ಇರಲಿ. ಆ ದಿನದ ಕೊನೆಯ ಷಿಕಾಗೋ ವಿಮಾನ ಆಗದಿರಲಿ, ತಪ್ಪಿದರೆ ರಾತ್ರಿ ಅಲ್ಲೇ ಕಳೆಯಬೇಕಾಗುತ್ತದೆ.

ಒಂದೇ ಟಿಕೆಟ್‌ಗೆ ಇನ್ನೂ ಒಂದು ಲಾಭ ಇದೆ. ನಿಮ್ಮ ಆ 5,554 ಕೊನೆಗೂ ಕೆಲಸಕ್ಕೆ ಬರುವ ಜಾಗ ಇದೇ. ಬ್ರಿಟನ್ನಿನಿಂದ ಹೊರಡುವ ವಿಮಾನ ಕೊನೆಯ ಊರಿಗೆ ಮೂರು ಗಂಟೆ ಅಥವಾ ಅದಕ್ಕಿಂತ ಜಾಸ್ತಿ ತಡವಾಗಿ ತಲುಪಿಸಿದರೆ, ಕಾರಣ ಸಂಸ್ಥೆಯ ಕೈಮೀರಿದ್ದು ಅಲ್ಲದಿದ್ದರೆ, ಪರಿಹಾರ ಕೇಳಬಹುದು. ಯುರೋಪಿನ 2004ರ ನಿಯಮದಿಂದ ಬಂದದ್ದು ಇದು. ಪರಿಹಾರ ಎಷ್ಟು ಅನ್ನುವುದು 1,500 ಮತ್ತು 3,500 ಕಿ.ಮೀ. ಗಡಿಗಳ ಮೇಲೆ ನಿಂತಿದೆ. ಆ ಕಿಲೋಮೀಟರ್ ಅಳೆಯುವುದು ವಿಮಾನ ನಿಜವಾಗಿ ಹಾರಿದ ದಾರಿಯಲ್ಲಿ ಅಲ್ಲ, ಗ್ಲೋಬ್ ಮೇಲಿನ ಬಿಗಿದ ದಾರದಲ್ಲೇ. ನಡುವೆ ವಿಮಾನ ಬದಲಿಸಿದ್ದರೂ ಮೊದಲ ಊರಿನಿಂದ ಕೊನೆಯ ಊರಿಗೆ ಒಂದೇ ದಾರ ಅಂತ 2017ರಲ್ಲಿ ಯುರೋಪಿನ ಉನ್ನತ ನ್ಯಾಯಾಲಯವೂ ಹೇಳಿದೆ. ಬೇರೆ ಬೇರೆ ಟಿಕೆಟ್ ತೆಗೆದರೆ ನಿಮ್ಮ ಕೊನೆಯ ಊರು ನ್ಯೂಯಾರ್ಕ್. ಅಲ್ಲಿಗೆ ಅರ್ಧ ಗಂಟೆ ತಡವಾಗಿ ಬಂದು, ಅದರಿಂದ ಷಿಕಾಗೋಗೆ ಮರುದಿನ ತಲುಪಿದರೂ, ಲೆಕ್ಕಕ್ಕೆ ಬರುವುದು ಆ ಅರ್ಧ ಗಂಟೆ ಮಾತ್ರ.

ಐರ್ಲೆಂಡಿನ ಡಬ್ಲಿನ್ ಮೂಲಕ ಹೋಗುವ ದಾರಿಯೂ ಒಂದಿದೆ. ಅಲ್ಲಿ ಹೊರಡುವ ಮೊದಲೇ ಅಮೆರಿಕದ ಇಮಿಗ್ರೇಷನ್ ಮುಗಿಸಿಬಿಡುತ್ತಾರೆ, ಇಳಿಯುವಾಗ ದೇಶದೊಳಗಿನ ಪ್ರಯಾಣಿಕರ ಹಾಗೆ ಹೊರಗೆ ನಡೆದರಾಯಿತು. ಆದರೆ ಆ ಸಾಲು ಡಬ್ಲಿನ್‌ನಲ್ಲಿ ನಿಂತು ಮುಗಿಸಬೇಕು, ಅಲ್ಲಿ ವಿಮಾನ ಬದಲಿಸಲೂ ಸಮಯ ಇಟ್ಟುಕೊಳ್ಳಬೇಕು. ತೊಂದರೆ ಹೋಗುವುದಿಲ್ಲ, ಜಾಗ ಬದಲಿಸುತ್ತದೆ ಅಷ್ಟೇ.

ಇನ್ನು ಎರಡು ಟಿಕೆಟ್‌ನ ನಿಮ್ಮ ಮೂಲ ಯೋಚನೆ. ಹಣ ಉಳಿಯುವುದು ನಿಜವೇ ಆಗಿದ್ದರೆ ನ್ಯೂಯಾರ್ಕ್‌ನಲ್ಲಿ ಒಂದು ರಾತ್ರಿ ಉಳಿದು ಮರುದಿನ ಬೆಳಿಗ್ಗೆ ಹೊರಡಿ. ಐದು ಗಂಟೆ ಅಂತರ ಇಟ್ಟುಕೊಂಡು ಅದೇ ದಿನ ಹೋಗುವವರೂ ಇದ್ದಾರೆ. ಹೆಚ್ಚಿನ ಸಲ ಸಿಗುತ್ತದೆ, ಆದರೆ ಮೊದಲ ವಿಮಾನವೇ ನಾಲ್ಕು ಗಂಟೆ ತಡವಾದ ದಿನ ಕೇಳುವವರು ಯಾರೂ ಇರುವುದಿಲ್ಲ.

ಯಾವುದನ್ನೇ ಆರಿಸಿ, ಅಪ್ಪನಿಗೆ ಗಾಲಿಕುರ್ಚಿಯ ನೆರವು ಬೇಕು ಅಂತ ಕನಿಷ್ಠ 48 ಗಂಟೆ ಮುಂಚೆ ವಿಮಾನ ಸಂಸ್ಥೆಗೆ ತಿಳಿಸಿ. ನಡೆಯಬಲ್ಲವರೂ ಕೇಳಬಹುದು, ಸಂಕೋಚ ಬೇಡ. ಹೀಥ್ರೋ, ಜೆಎಫ್‌ಕೆ ಎರಡರಲ್ಲೂ ನಡಿಗೆ ಬಹಳ. ಮತ್ತೆ, ಟಿಕೆಟ್ ಖಾತ್ರಿ ಮಾಡುವ ಮುಂಚೆ ಆ ವಿಮಾನದ ಸಂಖ್ಯೆ ಹಾಕಿ ಕಳೆದ ಎರಡು ವಾರ ಅದು ನಿಜವಾಗಿ ಎಷ್ಟು ಗಂಟೆಗೆ ಗೇಟಿಗೆ ಬಂತು ಅಂತ ನೋಡಿ. ಹದಿನಾಲ್ಕು ದಿನದಲ್ಲಿ ಐದು ದಿನ ನಲವತ್ತು ನಿಮಿಷ ತಡ ಅಂತ ಕಂಡರೆ ನಿಮ್ಮ ಲೆಕ್ಕಕ್ಕೂ ನಲವತ್ತು ಸೇರಿಸಿಕೊಳ್ಳಿ.

ಹೋಗುವಾಗ ಅಪ್ಪನಿಗೆ ಬಲಗಡೆಯ ಕಿಟಕಿ ಸೀಟು ಕೊಡಿಸಿ. ಪಶ್ಚಿಮಕ್ಕೆ ಹೋಗುವಾಗ ಬಿಸಿಲು ಎಡಗಡೆ ಬೀಳುತ್ತದೆ, ಬಲಗಡೆ ಉತ್ತರ. ಗಾಳಿ ತಪ್ಪಿಸಲು ವಿಮಾನ ಮತ್ತೆ ಮೇಲಕ್ಕೆ ಸುತ್ತಿದರೆ, ಮೋಡ ಇಲ್ಲದಿದ್ದರೆ, ಗ್ರೀನ್‌ಲ್ಯಾಂಡಿನ ಹಿಮ ಅವರಿಗೆ ಆ ಕಡೆಯಿಂದ ಕಾಣಬಹುದು.